ತಲೆಯ ಮೇಲಿನ ಚಪ್ಪಲಿ

ಕಡಲದಂಡೆಯ ಆಶ್ರಮವೊಂದರಲ್ಲಿ ಶಂಭುನಾಥರೆಂಬ ಗುರುಗಳಿದ್ದರು. ಅವರ ಶಿಷ್ಯ ಚಿದಂಬರ. ಭಕ್ತಿಯಲ್ಲಿ ಅವನು ಎಲ್ಲರಿಗಿಂತ ಒಂದು ಕೈ ಮೇಲೇ.

ಆ ದಿನ ನೀರಂಚಿನ ಬಂಡೆಯ ಮೇಲೆ ಅವನಿಗೆ ಮಂತ್ರೋಪದೇಶ ಆಗಬೇಕಿತ್ತು. ವರ್ಷಗಳಿಂದ ಅವನು ಕಾದಿದ್ದು ಅದಕ್ಕೇ. ಗುರುಗಳಿಗೆ ನಡುಮಧ್ಯಾಹ್ನವೇ ಯಾಕೆ ಬೇಕಾಯಿತೋ, ಕೇಳುವ ಧೈರ್ಯ ಯಾರಿಗಿದೆ!

ಗುರುಗಳು ಹವಾಯಿ ಚಪ್ಪಲಿ ಮೆಟ್ಟಿ ಹೊರಟರು. ಚಿದಂಬರ ಬರಿಗಾಲಲ್ಲಿ ಹಿಂಬಾಲಿಸಿದ. ಗುರುಗಳ ಎದುರು ಚಪ್ಪಲಿ ಹಾಕುವುದುಂಟೇ?

ಮರಳು ಕಾದ ಹೆಂಚಾಗಿತ್ತು. ಅರ್ಧ ದಾರಿಗೆ ಅವನ ಅಂಗಾಲಲ್ಲಿ ಬೊಕ್ಕೆಗಳೆದ್ದವು.

“ಎಂಥ ಮಾರಾಯ, ಕುಣೀತಾ ಇದ್ದೀಯ?”

“ಏನಿಲ್ಲ ಗುರುಗಳೇ.”

ಗುರುಗಳು ತಮ್ಮ ಚಪ್ಪಲಿ ಕಳಚಿ ಅವನ ಮುಂದಿಟ್ಟರು. “ಹಾಕಿಕೋ.”

ಚಿದಂಬರ ಕಕ್ಕಾಬಿಕ್ಕಿಯಾದ. ಗುರುಪಾದುಕೆಗೆ ಕಾಲಿಟ್ಟರೆ ಪಾಪ. ಇಡದಿದ್ದರೆ ಗುರುವಿನ ಮಾತು ಮೀರಿದಂತೆ. ಇದು ಪರೀಕ್ಷೆಯೇ ಇರಬೇಕು! ಎಡವಿದರೆ ಉಪದೇಶ ಕೈತಪ್ಪಿತು. ಯಾವುದು ಸರಿ, ಯಾವುದು ತಪ್ಪು? ತಲೆಬುಡ ತಿಳಿಯಲಿಲ್ಲ.

ಕಡೆಗೆ ಚಪ್ಪಲಿಗಳನ್ನು ಕಣ್ಣಿಗೊತ್ತಿಕೊಂಡು ತಲೆಯ ಮೇಲಿಟ್ಟುಕೊಂಡ.

ಗುರುಗಳು ಬರಿಗಾಲಲ್ಲೇ ಮುಂದೆ ನಡೆದರು. ಈಗ ಇಬ್ಬರೂ ಕುಣಿಯತೊಡಗಿದರು.

“ಗುರುಗಳೇ, ನೀವಾದರೂ ಹಾಕಿಕೊಳ್ಳಿ!”

“ನಿನಗೆ ಕೊಟ್ಟಾಯಿತಲ್ಲ.”

ಮುದುಕರು ಕುಂಟುವುದನ್ನು ಕಂಡು ಚಿದಂಬರನಿಗೆ ಅಳುವೇ ಬಂತು. ಚಪ್ಪಲಿ ಮಾತ್ರ ತಲೆಯಿಂದ ಇಳಿಯಲಿಲ್ಲ.

ಬಂಡೆಯ ಒದ್ದೆ ಮಗ್ಗುಲಲ್ಲಿ ಕೂತದ್ದೇ ಗುರುಗಳು ಅವನ ಕಾಲನ್ನೆತ್ತಿ ತೊಡೆಯ ಮೇಲಿಟ್ಟುಕೊಂಡರು.

“ಅಯ್ಯಯ್ಯೋ, ನೀವು ನನ್ನ ಕಾಲು ಮುಟ್ಟುವುದೇ!”

“ಸುಮ್ಮನೆ ಕೂತುಕೋ. ಉಪ್ಪುನೀರು ತಾಗಿದರೆ ಉರಿ ಜಾಸ್ತಿ.”

ಜೊತೆಗೆ ತಂದಿದ್ದ ತಂಬಿಗೆಯ ಸಿಹಿನೀರನ್ನು ಬೊಕ್ಕೆಗಳ ಮೇಲೆ ಮೆಲ್ಲಗೆ ಸುರಿದು, ಮರಳು ತೊಳೆದು, ಶಲ್ಯದ ಅಂಚು ಹರಿದು ಸುತ್ತಿದರು. ಅವರ ಅಂಗಾಲೂ ಕೆಂಪಗೆ ಸುಟ್ಟಿತ್ತು. ಅಷ್ಟರಲ್ಲಿ ನೀರು ಮುಗಿದಿತ್ತು.

ಚಿದಂಬರ ನಾಚಿಕೆಯಿಂದ ಹಿಡಿಯಾದ.

“ನಾನು ಮಾಡಿದ್ದು ತಪ್ಪೇ ಗುರುಗಳೇ?”

“ನನ್ನ ಕಾಲನ್ನು ಕೇಳು.”

“ಭಕ್ತಿಯಿಂದಲೇ ಮಾಡಿದೆನಲ್ಲ! ನನಗೆ ಒಂದೂ ಅರ್ಥವಾಗುತ್ತಿಲ್ಲ. ಹಾಗಾದರೆ ಉಪದೇಶ ಇಲ್ಲವೇ?”

ಗುರುಗಳು ಅವನ ತಲೆಯ ಮೇಲಿಂದ ಚಪ್ಪಲಿಗಳನ್ನು ಇಳಿಸಿ ಅವನ ಕಾಲ ಬಳಿ ಇಟ್ಟರು.

“ಕೊಡಲಿಕ್ಕೇನು, ಈಗಲೇ ಕೊಟ್ಟೇನು. ಅದನ್ನೂ ತಲೆಯ ಮೇಲೆ ಹೊತ್ತುಕೊಳ್ಳುತ್ತೀಯೋ, ಮೆಟ್ಟಿಕೊಂಡು ನಡೆಯುತ್ತೀಯೋ, ಹೇಳು.”