ಇಪ್ಪತ್ತು ಎಣಿಕೆಯ ಮೌನ

"ಮತ್ತೆ ನಿಲ್ಲಿಸಿದಿರಿ," ಎಂದಳು ಸೆವ್ರಿನ್. "ಬೆಳಿಗ್ಗೆಯಿಂದ ಇದು ಐದನೇ ಸಲ. ನನ್ನ ಮಗು ಕೂಡ ಇಷ್ಟು ಅಡ್ಡ ಬರುವುದಿಲ್ಲ, ಮಾಸ್ಟ್ರೇ."

ಗ್ರೆಗರಿ ಮಾಸ್ಟ್ರು ಅವಳ ಕಮಾನನ್ನು ಪಿಟೀಲಿನ ತಂತಿಯಿಂದ ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದರು.

ಹೊಳೆದಂಡೆಯ ಆ ಮನೆಯ ಜಗಲಿಯಲ್ಲಿ ಗುರು, ಶಿಷ್ಯೆ ಇಬ್ಬರೇ. ಅವಳ ಬೆನ್ನ ಹಿಂದೆ, ತೊಲೆಗೆ ಕಟ್ಟಿದ ಹಳೆ ಸೀರೆಯ ಜೋಲಿಯಲ್ಲಿ, ಐದು ತಿಂಗಳ ಹೆಣ್ಣುಮಗು ಮಲಗಿತ್ತು.

ಅವಳು ಕಲಿಯುತ್ತಿದ್ದದ್ದು ಗ್ರೀಕರ ಹಳೆಯ ಕಥೆಯೊಂದನ್ನು ಮಾತಿಲ್ಲದೆ, ಅರವತ್ತು ವಾದ್ಯಗಳಲ್ಲಿ ಹೇಳುವ ಸಂಗೀತ. ಸತ್ತ ಹೆಂಡತಿಯನ್ನು ಕರೆತರಲು ಗಾಯಕನೊಬ್ಬ ಪಾತಾಳಕ್ಕೆ ಇಳಿಯುತ್ತಾನೆ. ಅವಳು ಹಿಂದೆಯೇ ಬರುತ್ತಾಳೆ, ಬೆಳಕು ಕಾಣುವವರೆಗೆ ತಿರುಗಿ ನೋಡಬೇಡ ಎನ್ನುತ್ತಾನೆ ಅಲ್ಲಿಯ ದೊರೆ. ಗಾಯಕ ತಿರುಗಿ ನೋಡುತ್ತಾನೆ. ಅವಳು ಹೋಗಿಬಿಡುತ್ತಾಳೆ.

ಅವನು ಮೇಲೇರುವಾಗ ಎಲ್ಲ ವಾದ್ಯಗಳೂ ಸುಮ್ಮನಾಗುತ್ತವೆ. ಇಪ್ಪತ್ತು ಎಣಿಸುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಒಂದೇ ಒಂದು ಪಿಟೀಲು.

ಭಾನುವಾರ ಪಟ್ಟಣದಲ್ಲಿ ಆ ಪಿಟೀಲನ್ನು ನುಡಿಸುವವಳು ಸೆವ್ರಿನಳೋ ಬೇರೆಯವಳೋ ಎಂದು ಮಾಸ್ಟ್ರು ಇವತ್ತೇ ಹೇಳಿಕಳಿಸಬೇಕಿತ್ತು.

ಐದು ಸಲವೂ ಅವಳು ಹದಿನಾಲ್ಕೋ ಹದಿನೈದೋ ಎಣಿಸುವಷ್ಟರಲ್ಲಿ ಕತ್ತು ಹೊರಳಿಸಿ ಜೋಲಿಯತ್ತ ನೋಡಿದ್ದಳು. ಎಣಿಕೆ ತಪ್ಪಿ, ಕಮಾನು ಮೊದಲೇ ತಂತಿಗೆ ತಾಗಿತ್ತು.

"ನಾನು ನಿಲ್ಲಿಸಲಿಲ್ಲ," ಎಂದರು ಮಾಸ್ಟ್ರು. "ನೀನು ತಿರುಗಿದೆ. ಅವನು ಮಾಡಿದ ತಪ್ಪನ್ನೇ ಮಾಡಿದೆ."

ಸೆವ್ರಿನ್ ಪಿಟೀಲನ್ನು ಮಡಿಲಲ್ಲಿಟ್ಟಳು.

"ಈ ಕಥೆ ಕಟ್ಟಿದವನು ಜನ್ಮದಲ್ಲಿ ತೊಟ್ಟಿಲು ತೂಗಿದವನಲ್ಲ," ಎಂದಳು. "ನನ್ನ ಮೊದಲ ಮಗಳು ಮಲಗಿದ್ದಾಗ ಇದೇ ಪಿಟೀಲು ಹಿಡಿದು ಕೂತಿದ್ದೆ. ಒಳ್ಳೆ ನಿದ್ದೆ ಅಂದುಕೊಂಡೆ. ಒಂದು ಸಲವೂ ತಿರುಗಿ ನೋಡಲಿಲ್ಲ. ನೋಡದೆ ಇದ್ದದ್ದಕ್ಕೇ ಅವಳು ನಿದ್ದೆಯಲ್ಲೇ ಹೋದಳು."

ಹೊಳೆಯಲ್ಲಿ ಒಂದು ದೋಣಿ ಹಾದುಹೋಯಿತು.

ಮಾಸ್ಟ್ರು ಎದ್ದರು. ಮಗುವನ್ನು ಎತ್ತಿ ಅವಳ ಕೈಗೆ ಕೊಟ್ಟರು. ಜೋಲಿ ಬಿಚ್ಚಿ, ಅವಳ ಎದುರಿನ ತೊಲೆಗೆ ಕಟ್ಟಿದರು. ಮೊಣಕಾಲು ನೋವಿನವರು, ಸ್ಟೂಲು ಹತ್ತಿ ಇಳಿಯಲು ಹೊತ್ತು ಹಿಡಿಯಿತು. ಮಗುವನ್ನು ಮತ್ತೆ ಜೋಲಿಯಲ್ಲಿ ಮಲಗಿಸಿದಾಗಲೂ ಅದು ಏಳಲಿಲ್ಲ.

ಇಷ್ಟೇ ಆಗಿದ್ದರೆ ಮೊದಲೇ ಮಾಡಬಹುದಿತ್ತು, ಐದು ಸಲ ಬೈಸಿಕೊಳ್ಳುವುದು ತಪ್ಪುತ್ತಿತ್ತು ಎಂದು ಅವಳು ಗೊಣಗಿದಳು.

"ನುಡಿಸು," ಎಂದರು.

ನುಡಿಸಿದಳು. ಗಾಯಕ ಇಳಿದ, ಬೇಡಿದ, ಹೊರಟ. ಮೌನ ಬಂತು.

ತೆಳುವಾದ ಸೀರೆಯೊಳಗೆ ಮಗುವಿನ ಎದೆ ಏರಿ ಇಳಿಯುವುದು ಅವಳಿಗೆ ಕಾಣುತ್ತಿತ್ತು. ಹತ್ತು ಎಣಿಸಿದಳು. ಹನ್ನೆರಡು. ಹದಿನಾಲ್ಕು.

ಅವಳ ಕತ್ತು ಹಿಂದಕ್ಕೆ ಹೊರಳಿತು. ಅಲ್ಲಿ ಬರೀ ತೊಲೆಯಿತ್ತು, ಅದರಾಚೆ ಗೋಡೆ.

ಮಾಸ್ಟ್ರು ಈ ಸಲ ಕಮಾನು ಹಿಡಿಯಲಿಲ್ಲ.

"ಮಗು ಎದುರಿಗೇ ಇದೆಯಲ್ಲ, ಸೆವ್ರಿನ್," ಎಂದರು. "ಈಗ ಯಾರನ್ನು ನೋಡಲು ತಿರುಗಿದೆ?"