ಒಳಬರುವಾಗ ಕೂಗಿದ ಕಂಬ

"ಬುದ್ಧೀ, ಪುಸ್ತಕ ಕದಿಯುವವರನ್ನು ತಡೆಯಲು ಬಾಗಿಲಿಗೆ ಯಂತ್ರ ಹಾಕಿಸೋಣವೇ, ಬೇಡವೇ?" ಎಂದು ಚನ್ನವೀರ ಗುರುಗಳನ್ನು ಕೇಳಿದ.

ಮಠದ ಪುಸ್ತಕದ ಕೋಣೆ ಅವನ ಪಾಲಿನ ಸೇವೆ. ಊರವರು ಯಾರು ಬೇಕಾದರೂ ಬಂದು ಓದಬಹುದು, ಹೆಸರು ಬರೆಸಿ ಮನೆಗೆ ಒಯ್ಯಬಹುದು. ಇತ್ತೀಚೆಗೆ ಕಪಾಟಿನಲ್ಲಿ ಅಲ್ಲಲ್ಲಿ ಸಂದು ಕಾಣತೊಡಗಿತ್ತು. ಚನ್ನವೀರನಿಗೆ ಊಟ ರುಚಿಸುತ್ತಿರಲಿಲ್ಲ.

"ಎಂಥ ಯಂತ್ರವಪ್ಪ?"

"ಬಾಗಿಲ ಎರಡೂ ಬದಿಗೆ ಒಂದೊಂದು ಕಂಬ, ಬುದ್ಧಿ. ಪುಸ್ತಕದೊಳಗೆ ಒಂದು ಪಟ್ಟಿ ಅಂಟಿಸುತ್ತಾರೆ. ಬರೆಸದೆ ಒಯ್ದರೆ ಕಂಬ ಕೂಗಿಕೊಳ್ಳುತ್ತದೆ. ಈಗ ಯಾರಾದರೂ ಬಂದರೆ ನನ್ನ ಕಣ್ಣು ಮುಖಕ್ಕಿಂತ ಮೊದಲು ಅವರ ಚೀಲದ ಮೇಲೆ ಹೋಗುತ್ತದೆ. ಯಂತ್ರ ಬಂದರೆ ನನಗೆ ಆ ಪಾಪವಾದರೂ ತಪ್ಪುತ್ತದೆ."

ಗುರುಗಳು ನಕ್ಕರು. "ನಿನ್ನ ಪಾಪವನ್ನು ಕಂಬದ ತಲೆಗೆ ಕಟ್ಟಲು ಹೊರಟೆಯಾ? ಕೂತುಕೋ" ಎಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ತಾನು ಓದಲಿಲ್ಲ, ಊರಾದರೂ ಓದಲಿ ಎಂದು ಅಂಗಡಿಯ ಪಕ್ಕದಲ್ಲೇ ಒಂದು ಪುಸ್ತಕಾಲಯ ಮಾಡಿಸಿದ. ಅದೆಂದರೆ ಅವನಿಗೆ ಪ್ರಾಣ. ಒಂದು ಪುಸ್ತಕ ಕಾಣದಿದ್ದರೆ ಮನೆಯ ಮಂದಿಯೇ ಕಾಣೆಯಾದಂತೆ ಒದ್ದಾಡುತ್ತಿದ್ದ. ಮಳೆಗಾಲ ಮುಗಿದು ಪುಸ್ತಕಗಳನ್ನು ಬಿಸಿಲಿಗೆ ಹಾಕುವಾಗ ಪ್ರತಿ ವರ್ಷವೂ ಕೆಲವು ಇರುತ್ತಿರಲಿಲ್ಲ. ಬರಿದಾದ ಸಂದು ಅವನ ಕಣ್ಣಿಗೆ ಚುಚ್ಚುತ್ತಿತ್ತು. ಹಳೆಯ ಸಂದು ಯಾವಾಗಲೋ ತುಂಬಿಕೊಂಡಿದ್ದರೆ ಅದನ್ನು ಅವನು ನೋಡುತ್ತಿರಲಿಲ್ಲ. ತುಂಬಿದ ಜಾಗವನ್ನು ಯಾರು ತಾನೇ ನೋಡುತ್ತಾರೆ?

ರೋಸಿಹೋಗಿ ಒಂದು ವರ್ಷ ಅವನು ನೀನು ಹೇಳುವಂಥದೇ ಯಂತ್ರ ತರಿಸಿದ. ಮೊದಲು ಪುಸ್ತಕಗಳಿಗೆ ಪಟ್ಟಿ ಅಂಟಿಸಿದರು. ಕಂಬಗಳು ಬರುವುದು ತಡವಾಯಿತು. ಆ ನಡುವೆಯೇ ಇನ್ನೊಂದು ಪುಸ್ತಕ ಮಾಯವಾಯಿತು. ವ್ಯಾಪಾರಿ ಕೆಂಡಾಮಂಡಲನಾದ. ಕಂಬ ನಿಂತ ದಿನದಿಂದ ಅಂಗಡಿಯನ್ನೂ ಬಿಟ್ಟು ಬಾಗಿಲ ಬಳಿಯೇ ಕಾದು ಕೂತ.

ನವರಾತ್ರಿ ಬಂತು. ಸರಸ್ವತಿ ಪೂಜೆಯ ದಿನ ಮನೆಯಲ್ಲಿರುವ ಪುಸ್ತಕಗಳನ್ನೆಲ್ಲ ಮಣೆಯ ಮೇಲಿಟ್ಟು ಅರಿಸಿನ ಕುಂಕುಮ ಹಚ್ಚುವುದು ಆ ಊರಿನ ವಾಡಿಕೆ. ಒಂದನ್ನೂ ಬಿಡುವಂತಿಲ್ಲ. ಪೂಜೆಯ ಹಿಂದಿನ ದಿನ ಕಂಬ ಕಿರುಚಿಕೊಂಡಿತು. ವ್ಯಾಪಾರಿ ಛಂಗನೆ ಎದ್ದ. ಕೊನೆಗೂ ಸಿಕ್ಕಿಬಿದ್ದ ಎಂದು ಅವನಿಗೆ ಹಿಗ್ಗೋ ಹಿಗ್ಗು. ಓದುತ್ತಿದ್ದವರೆಲ್ಲ ತಲೆಯೆತ್ತಿದರು. ಕಂಬಗಳ ನಡುವೆ ಒಬ್ಬ ರೈತ ನಿಂತಿದ್ದ. ಅವನ ಕೈಚೀಲದಲ್ಲಿ ದನಗಳ ಕಾಯಿಲೆಯ ಪುಸ್ತಕವಿತ್ತು. ಅವನು ಹೊರಗೆ ಹೋಗುತ್ತಿರಲಿಲ್ಲ, ಒಳಗೆ ಬರುತ್ತಿದ್ದ.

"ಹಸುಗೆ ಕೆಚ್ಚಲು ಬಾವು ಬಂದಿತ್ತು ಸೆಟ್ಟರೇ. ಆ ಗಾಬರೀಲಿ ಹೇಳದೆ ಎತ್ಕೊಂಡು ಹೋದೆ" ಎಂದ ರೈತ. "ನಾಳೆ ಪೂಜೆ. ಕದ್ದಿದ್ದಕ್ಕೆ ಕುಂಕುಮ ಇಡಕ್ಕೆ ಕೈ ಏಳ್ಲಿಲ್ಲ. ಬಿಟ್ಟು ಪೂಜೆ ಮಾಡೋಕೂ ಆಗ್ಲಿಲ್ಲ. ಇದ್ದ ಜಾಗದಲ್ಲೇ ಇಟ್ಟು ಹೋಗನ ಅಂತ ಬಂದೆ."

ಪುಸ್ತಕವನ್ನು ಅಲ್ಲೇ ಮೇಜಿನ ಮೇಲಿಟ್ಟು ತಲೆ ತಗ್ಗಿಸಿ ಹೋದ. ವ್ಯಾಪಾರಿ ಅವನ ಹಿಂದೆಯೇ ಬಾಗಿಲಿಗೆ ಬಂದ. ಹೊರಗೆ ಇನ್ನೂ ಕೆಲವರು ನಿಂತಿದ್ದರು. ಒಬ್ಬಳು ಸೆರಗಿನಡಿ ಏನನ್ನೋ ಅವಚಿಕೊಂಡಿದ್ದಳು. ಒಬ್ಬ ಮುದುಕ ಟವೆಲ್ಲಿನಲ್ಲಿ ಏನೋ ಸುತ್ತಿಕೊಂಡಿದ್ದ. ಕಂಬ ಕಿರುಚಿದ್ದನ್ನು ಎಲ್ಲರೂ ಕೇಳಿದ್ದರು. ಒಬ್ಬೊಬ್ಬರಾಗಿ ಬಂದ ದಾರಿಗೇ ತಿರುಗಿದರು.

 ಇಷ್ಟು ವರ್ಷ ಸಂದುಗಳನ್ನು ತುಂಬಿದವರು ಯಾರು ಎಂಬುದು ವ್ಯಾಪಾರಿಗೆ ಆಗ ತಿಳಿಯಿತು. ನಾಚಿಕೆಯೂ ಆಯಿತು, ಅಳುವೂ ಬಂತು. ಅಲ್ಲೇ ಆಳನ್ನು ಕರೆದು ಎರಡೂ ಕಂಬಗಳನ್ನು ಕೀಳಿಸಿದ. ಪುಸ್ತಕ ಹಿಡಿದು ತಾನೇ ರೈತನ ಮನೆಗೆ ಹೋದ. "ಇದನ್ನು ಈಗ ನಾನೇ ನಿನ್ನ ಹೆಸರಿಗೆ ಬರೆದುಕೊಂಡು ತಂದಿದ್ದೀನಿ ಕಣಪ್ಪ. ಧಾರಾಳವಾಗಿ ಪೂಜೆಗೆ ಇಡು" ಎಂದು ಕೈಗಿತ್ತ. ರೈತನ ಹೆಂಡತಿ ಮಜ್ಜಿಗೆ ಕೊಟ್ಟಳು. ಇಬ್ಬರೂ ಹಟ್ಟಿಗೆ ಹೋಗಿ, ಗುಣವಾದ ಹಸುವನ್ನು ನೋಡಿ ಬಂದರು.

ಮರುದಿನ ಬೆಳಗ್ಗೆ ಪುಸ್ತಕಾಲಯದ ಜಗಲಿಯ ಮೇಲೆ ಪುಸ್ತಕಗಳು ಸಾಲಾಗಿ ಕೂತಿದ್ದವು. ವ್ಯಾಪಾರಿ ಅವನ್ನು ಒಳಗೆ ತಂದು ಎಲ್ಲಕ್ಕೂ ತಾನೇ ಕುಂಕುಮವಿಟ್ಟ.

ಇಷ್ಟಕ್ಕೆ ಗುರುಗಳು ಮಾತು ಮುಗಿಸಿದರು. ಕತೆ ಚನ್ನವೀರನಿಗೆ ಹಿಡಿಸಿತ್ತು. ಆದರೂ ಲೆಕ್ಕ ಬಿಡುವ ಆಸಾಮಿಯಲ್ಲ ಅವನು.

"ಹೋದವೆಲ್ಲ ಬಂದವೇ, ಬುದ್ಧಿ?"

"ಎಲ್ಲಿ ಬರುತ್ತವೆ? ಕೆಲವು ಬರಲೇ ಇಲ್ಲ."

"ಹಾಗಾದರೆ ಅಷ್ಟು ನಷ್ಟವೇ ಅಲ್ಲವೇ?"

"ನಷ್ಟವೇ. ಪುಸ್ತಕವಾದರೆ ಇನ್ನೊಂದು ಕೊಳ್ಳಬಹುದು, ಕೊಡಲು ಬಂದು ಬಾಗಿಲಿಂದ ತಿರುಗಿ ಹೋದವರನ್ನು ಯಾವ ಅಂಗಡಿಯಲ್ಲಿ ಕೊಳ್ಳುತ್ತೀಯಪ್ಪ?" ಎಂದರು ಗುರುಗಳು.