ಬೇಡದ ಒಂಬತ್ತು

ಹೊಳೆದಂಡೆಯ ಆಶ್ರಮದಲ್ಲಿ ಒಂದೇ ಒಂದು ಕಂಪ್ಯೂಟರ್ ಇತ್ತು. ಅದರೊಳಗೆ ಅಖಿಲಮ್ಮನವರ ಹನ್ನೊಂದು ವರ್ಷ ಇತ್ತು.

ತೀರಿಹೋದ ತಮ್ಮ ಗುರುಗಳ ಪ್ರವಚನಗಳನ್ನು ಅವರು ಟೇಪಿನಲ್ಲಿ ಕೇಳಿ ಕೇಳಿ, ಎರಡೇ ಬೆರಳಲ್ಲಿ ಕುಟ್ಟಿ ತುಂಬಿಸಿದ್ದರು. ಟೇಪುಗಳಿಗೆ ಆಗಲೇ ಬೂಷ್ಟು ಹಿಡಿದಿತ್ತು. ಬೇರೆ ಪ್ರತಿ ಇರಲಿಲ್ಲ.

ಈಚೆಗೆ ಒಂದು ಅಕ್ಷರ ಒತ್ತಿದರೆ ಅದು ಮೂಡುವಷ್ಟರಲ್ಲಿ ಒಂದು ಲೋಟ ಮಜ್ಜಿಗೆ ಕುಡಿದು ಮುಗಿಸಬಹುದಿತ್ತು.

"ಇದರೊಳಗೆ ಬೇಡದ್ದೆಲ್ಲ ಸೇರಿಕೊಂಡಿದೆ ಅಮ್ಮ," ಎಂದ ಅವರ ಶಿಷ್ಯ ಶ್ರೀಕಂಠ. ತಾಲ್ಲೂಕು ಕಚೇರಿಯ ಗುಮಾಸ್ತಿಕೆ ಬಿಟ್ಟು ವೈರಾಗ್ಯ ಕಲಿಯಲು ಬಂದವನು. "ರಾಶಿಫಲ ಹೇಳೋದು, ಮದುವೆ ಕರೆಯೋಲೆ ಮಾಡೋದು, ವೈರಸ್ ಬರದಂತೆ ಕಾಯ್ತೀವಿ ಅಂತ ಬಂದು ಕೂತ ಕಾವಲುಗಾರರೇ ಮೂವರು. ತೆಗೆದುಬಿಡಲಾ?"

"ತೆಗಿ," ಎಂದರು ಅಖಿಲಮ್ಮ.

ಅವನು ಪರದೆಯ ಮೇಲಿದ್ದ ಐಕಾನ್‌ಗಳನ್ನೆಲ್ಲ ಎಳೆದು ಕಸದ ಬುಟ್ಟಿಗೆ ಹಾಕಿದ. ಪರದೆ ತೊಳೆದಿಟ್ಟ ತಟ್ಟೆಯಂತಾಯಿತು. ಯಂತ್ರ ಮಾತ್ರ ಮೊದಲಿನಂತೆಯೇ ತೂಕಡಿಸುತ್ತಿತ್ತು.

"ಯಾಕಮ್ಮ ಹೀಗೆ?"

ಅಖಿಲಮ್ಮ ಎದ್ದು ಹೋಗಿ, ಬಾಗಿಲಲ್ಲಿದ್ದ ಅವನ ಚಪ್ಪಲಿಯನ್ನು ಎತ್ತಿ ಕೊಟ್ಟಿಗೆಯಲ್ಲಿಟ್ಟು ಬಂದು ಕೂತರು.

"ಶ್ರೀಕಂಠ ಊರಿಗೆ ಹೋದನೇ?"

"ಇಲ್ಲೇ ಇದ್ದೀನಲ್ಲ ಅಮ್ಮ!"

"ಚಪ್ಪಲಿ ಕಾಣ್ತಿಲ್ಲವಲ್ಲ, ಅದಕ್ಕೆ ಕೇಳಿದೆ."

ಅವನು ತಲೆ ಕೆರೆದುಕೊಂಡ. ಆಮೇಲೆ ಕಂಟ್ರೋಲ್ ಪ್ಯಾನೆಲ್ ತೆರೆದು ನೋಡಿದ. ಐಕಾನ್ ಕಳೆದುಕೊಂಡ ಪ್ರೋಗ್ರಾಮುಗಳೆಲ್ಲ ಅಲ್ಲಿ ಸಾಲಾಗಿ, ಹಾಯಾಗಿ ಕೂತಿದ್ದವು. ಉಮೇದು ಬಂತು. ಬೇಡದವು, ಏನೆಂದೇ ತಿಳಿಯದವು, ಒಟ್ಟು ಒಂಬತ್ತನ್ನು ಒಂದೇ ಮಧ್ಯಾಹ್ನ ಅನ್‌ಇನ್‌ಸ್ಟಾಲ್ ಮಾಡಿದ.

ಯಂತ್ರ ಚುರುಕಾಯಿತು. ಖುಷಿಯಿಂದ ಪ್ರವಚನದ ಫೈಲು ತೆರೆದ.

ಒಂದು ಕನ್ನಡ ಅಕ್ಷರವಿಲ್ಲ. ಪುಟದ ತುಂಬ ಇಂಗ್ಲಿಷ್ ಅಕ್ಷರಗಳು. ಒಂದಕ್ಕೆ ತಲೆಮೇಲೆ ಚುಕ್ಕಿ, ಒಂದಕ್ಕೆ ಟೋಪಿ, ಇನ್ನೊಂದಕ್ಕೆ ಬಾಲ.

"ಅಮ್ಮ, ದೊಡ್ಡ ಗುರುಗಳು ಹೋಗಿಬಿಟ್ಟರು!"

"ಅವರು ಹೋಗಿ ಹನ್ನೆರಡು ವರ್ಷ ಆಯ್ತಲ್ಲೋ," ಎನ್ನುತ್ತ ಅಖಿಲಮ್ಮ ಬಂದರು.

ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಬೈಗುಳಕ್ಕೆ ಅವನು ಕಾದ. ಅವರ ಮುಖದಲ್ಲಿ ಕುತೂಹಲವಷ್ಟೇ ಇತ್ತು.

"ಪುಟ ಎಷ್ಟಿದ್ದವೋ ಅಷ್ಟೇ ಇವೆ. ಸಾಲೂ ಅಷ್ಟೇ. ಮಾತು ಹೋಗಿಲ್ಲ ಕಣೋ, ಅದನ್ನ ಕನ್ನಡವಾಗಿ ತೋರಿಸ್ತಿದ್ದವನು ಹೋಗಿದ್ದಾನೆ. ಒಂಬತ್ತರಲ್ಲಿ ಅವನು ಯಾರು?"

"ಗೊತ್ತಿಲ್ಲ. ಎಲ್ಲ ಒಟ್ಟಿಗೇ ತೆಗೆದೆ."

"ಹೆಸರು ಬರೆದಿಟ್ಟಿದ್ದೀಯಾ?"

"ಇಲ್ಲ."

"ಪ್ರವಚನದ ಇನ್ನೊಂದು ಪ್ರತಿ?"

"ಅದೂ ಮಾಡಿಟ್ಟಿಲ್ಲ ಅಮ್ಮ."

"ಇದಕ್ಕೆ ನಿನ್ನೆಗೆ ವಾಪಸು ಹೋಗೋಕೆ ಬರುತ್ತಾ?"

"ದಾರಿ ಇದೆ ಅಮ್ಮ. ಸಿಸ್ಟಮ್ ರಿಸ್ಟೋರ್ ಅಂತ."

"ಪುಣ್ಯ ಮಾಡಿದ ಯಂತ್ರ," ಎಂದರು ಅಖಿಲಮ್ಮ. "ಕಳಿಸು."

ಮುಕ್ಕಾಲು ಗಂಟೆ ಯಂತ್ರ ಗುರುಗುಟ್ಟಿತು. ಫೈಲು ತೆರೆದರೆ, ಗುರುಗಳು ಮತ್ತೆ ಕನ್ನಡದಲ್ಲಿ ಮಾತಾಡಿದರು. ರಾಶಿಫಲವೂ ಮೂವರು ಕಾವಲುಗಾರರೂ ಜೊತೆಯಲ್ಲೇ ವಾಪಸಾಗಿದ್ದರು.

"ಈಗೇನು ಮಾಡಲಿ?"

"ಮೊದಲು ಪೆನ್‌ಡ್ರೈವಿಗೆ ಒಂದು ಪ್ರತಿ. ಆಮೇಲೆ ದಿನಕ್ಕೆ ಒಂದು. ಹೆಸರು ಬರಿ, ತೆಗಿ, ಆಫ್ ಮಾಡಿ ಆನ್ ಮಾಡು, ಪ್ರವಚನದ ಒಂದು ಪುಟ ಓದು. ಓದೋಕೆ ಬಂದರೆ ನಾಳೆ ಇನ್ನೊಂದು."

"ಪೂರ್ತಿ ಪುಟ ಓದಬೇಕಾ ಅಮ್ಮ? ಕಣ್ಣಾಡಿಸಿದರೆ ಸಾಲದಾ?"

"ಕಣ್ಣಾಡಿಸೋಕೆ ಹನ್ನೊಂದು ವರ್ಷ ಕುಟ್ಟಿದೆನೇನೋ?"

ಆರು ದಿನಕ್ಕೆ ಆರು ಹೋದವು. ಏಳನೆಯದಕ್ಕೆ ನಾಲ್ಕು ಇಂಗ್ಲಿಷ್ ಅಕ್ಷರದ ಒಂದು ಮೊಂಡು ಹೆಸರು. ಅದನ್ನು ತೆಗೆದದ್ದೇ ತಡ, ಮತ್ತೆ ಚುಕ್ಕಿ, ಟೋಪಿ, ಬಾಲ. ಈ ಸಲ ಅವನು ಕೂಗಲಿಲ್ಲ. ಹಿಂದಿನ ದಿನಕ್ಕೆ ಮರಳಿಸಿ, ಪುಸ್ತಕದಲ್ಲಿ ಆ ಹೆಸರಿನ ಮುಂದೆ ಬರೆದ: 'ಪ್ರವಚನವನ್ನು ಕನ್ನಡದಲ್ಲಿ ತೋರಿಸೋದು ಇದೇ. ಮುಟ್ಟಬಾರದು.' ಎಂಟನೆಯದು ತಕರಾರಿಲ್ಲದೆ ಹೋಯಿತು.

ಒಂಬತ್ತನೆಯದರ ಮುಂದೆ ಮೂರು ದಿನ ಕೂತ. ಅದು ಯಂತ್ರಕ್ಕೆ ಬಂದ ತಾರೀಖು ನೋಡಿದ, ಹೆಸರನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದ. ಅದು ಭಾರವಿಲ್ಲ, ತಂಟೆಯಿಲ್ಲ, ಕದ್ದು ಇಂಟರ್ನೆಟ್ಟಿಗೂ ಹೋಗುವುದಿಲ್ಲ. ಅದು ಮಾಡುವ ಕೆಲಸವೇನೆಂದು ಮಾತ್ರ ತಿಳಿಯಲಿಲ್ಲ.

ಅಖಿಲಮ್ಮ ಜಗಲಿಯಲ್ಲಿ ದಂಟಿನ ಸೊಪ್ಪು ಬಿಡಿಸುತ್ತಿದ್ದರು.

"ಅಮ್ಮ, ಇದು ಯಾತಕ್ಕೆ ಇದೆ ಅಂತಲೇ ಗೊತ್ತಾಗ್ತಿಲ್ಲ. ತೆಗೀಲಾ, ಬಿಡಲಾ?"

"ನೀನು ಬಂದಾಗ ನೀನು ಯಾತಕ್ಕೆ ಅಂತ ನಮಗೂ ಗೊತ್ತಾಗಲಿಲ್ಲ ಕಣಪ್ಪ. ಇರಲಿ ಅಂದ್ವಿ."